ಬೀಜವಲ್ಲದ ಬೀಜ

ಮಿರಗದ ಮಳೆ ಇನ್ನೂ ಬಿದ್ದಿರುವುದಿಲ್ಲ. ಆದರೆ ಅಡುಗೆಮನೆಯ ಬುಟ್ಟಿಗೆ ಅದರ ಸುದ್ದಿ ಆಗಲೇ ಮುಟ್ಟಿರುತ್ತದೆ. ತಳದಲ್ಲಿ ಮರೆತುಹೋದ ಹಸಿ ಶುಂಠಿಯ ತುಂಡೊಂದು ಮಣ್ಣಿನ ಸೋಂಕಿಲ್ಲದೆ, ಹನಿ ನೀರಿಲ್ಲದೆ ಮೈಮೇಲಿನ ಗಂಟೊಂದರಿಂದ ಹಸಿರು ಮೊನೆಯನ್ನು ಹೊರಚಾಚಿರುತ್ತದೆ. ಬಳ್ಳೊಳ್ಳಿಯ ಎಸಳೊಂದರ ನೆತ್ತಿ ಸೀಳಿ ಹಸಿರು ಇಣುಕಿರುತ್ತದೆ. ಆಲೂಗಡ್ಡೆಯ ಕಣ್ಣುಗಳಲ್ಲಿ ಬಿಳಿ ಮೊಳಕೆ ಎದ್ದಿರುತ್ತದೆ. ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಐನಾಪುರದ ಕಡೆ ಹಸಿ ಶುಂಠಿಗೆ ‘ಅಲ್ಲ’ ಎಂದು ಹೆಸರು. ಮೊಳೆತ ಅಲ್ಲವನ್ನು ಮನೆಯೊಡತಿ ಎಸೆಯುವುದಿಲ್ಲ. ಬಚ್ಚಲ ನೀರು ಹರಿಯುವ ಹಿತ್ತಲ ಮೂಲೆಯಲ್ಲಿ ಹೂಳುತ್ತಾಳೆ. ದೀಪಾವಳಿ ಕಳೆದು ಚಳಿ ಹಿಡಿದು, ಎಲೆ ಹಳದಿಯಾಗಿ ಒಣಗುವ ಹೊತ್ತಿಗೆ ಆ ಮೂಲೆಯನ್ನು ಅಗೆದರೆ ಹಿಡಿ ತುಂಬ ಹೊಸ ಅಲ್ಲ.

‘ಹೊಸ ಅಲ್ಲ’ ಎಂಬ ಈ ಮಾತನ್ನು ಇನ್ನೊಂದು ಬಗೆಯಲ್ಲಿ ಓದಿಕೊಂಡರೂ ತಪ್ಪಾಗದು. ಅದು ನಿಜವಾಗಿಯೂ ಹೊಸದಲ್ಲ. ಹೂಳಿದ ತುಂಡೇ ಬೆಳೆದು, ಕವಲೊಡೆದು, ಇನ್ನಷ್ಟು ತುಂಡುಗಳಾಗಿದೆ. ಇಲ್ಲಿ ಹೂವಿನ ಪ್ರಸಂಗವಿಲ್ಲ, ಪರಾಗದ ಮಾತಿಲ್ಲ, ತಂದೆಯೆಂಬವನಿಲ್ಲ. ಶಾಲೆಯ ಪಠ್ಯಪುಸ್ತಕದಲ್ಲಿ ಇದಕ್ಕೆ ಕಾಯಜ ಸಂತಾನೋತ್ಪತ್ತಿ ಎನ್ನುತ್ತಾರೆ. ಕಾಯ ಎಂದರೆ ಒಡಲು. ಒಡಲಿನ ತುಣುಕೇ ಮರಿಯಾಗುವುದು. ಬೇರಿನಿಂದ, ಎಲೆಯಿಂದ ಹೀಗೆ ಮರಿ ಮಾಡುವ ಗಿಡಗಳೂ ಉಂಟು. ಆದರೆ ಈ ವಿದ್ಯೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಕಲಿತಿರುವುದು ಕಾಂಡ. ಅದೂ ಕಾಂಡವೆಂದು ಗುರುತೇ ಸಿಗದಂತೆ ವೇಷ ಮರೆಸಿಕೊಂಡ ಕಾಂಡ.

ನೆಲದೊಳಗೆ ಇರುವುದೆಲ್ಲ ಬೇರು ಎಂಬುದು ವಾಡಿಕೆಯ ಎಣಿಕೆ. ಈ ಎಣಿಕೆ ತಪ್ಪೆಂದು ತೋರಿಸಲು ಸೂಕ್ಷ್ಮದರ್ಶಕವೇನೂ ಬೇಡ, ಬುಟ್ಟಿಯಲ್ಲಿರುವ ಆಲೂಗಡ್ಡೆಯೊಂದು ಸಾಕು. ಅದರ ಕಣ್ಣನ್ನು ಹತ್ತಿರದಿಂದ ನೋಡಬೇಕು. ತಗ್ಗಿನಲ್ಲಿ ಪುಟ್ಟ ಮೊಗ್ಗು, ಅದರ ಅಂಚಿಗೆ ಹುಬ್ಬಿನಂತೆ ಬಾಗಿದ ಒಂದು ಗೆರೆ. ಆ ಹುಬ್ಬು ಉದುರಿಹೋದ ಸಣ್ಣ ಎಲೆಯೊಂದರ ಗುರುತು. ಎಲೆ, ಎಲೆಯ ಕಂಕುಳಲ್ಲಿ ಮೊಗ್ಗು: ಈ ಜೋಡಿ ಇರುವುದು ಕಾಂಡದ ಗಿಣ್ಣಿನಲ್ಲಿ ಮಾತ್ರ, ಬೇರಿನಲ್ಲಿ ಎಂದೂ ಇರುವುದಿಲ್ಲ. ಆಲೂಗಡ್ಡೆಯ ಗಿಡ ನೆಲದೊಳಗೆ ಚಾಚುವ ತೆಳ್ಳನೆಯ ಕವಲುಗಳ ತುದಿಯಲ್ಲಿ ಹಿಟ್ಟು ತುಂಬಿಕೊಂಡು ಊದಿದ್ದೇ ಗಡ್ಡೆ. ಬಿಸಿಲಿಗಿಟ್ಟರೆ ಅದು ಹಸಿರಾಗುವುದೂ ಅದರ ಹುಟ್ಟನ್ನು ನೆನಪಿಸುತ್ತದೆ. (ಹಾಗೆ ಹಸಿರಾದ ಗಡ್ಡೆಯಲ್ಲಿ ವಿಷದ ಅಂಶ ಹೆಚ್ಚುವುದರಿಂದ ಅದನ್ನು ತಿನ್ನಬಾರದು.) ಶುಂಠಿ, ಅರಿಶಿನಗಳಲ್ಲಿ ಉಂಗುರದಂಥ ಗೆರೆಗಳಿವೆಯಲ್ಲ, ಅವು ಗಿಣ್ಣುಗಳು, ಆ ಗೆರೆಗೆ ಅಂಟಿದ ಒಣ ಹೊಟ್ಟು ಎಲೆ. ಕಬ್ಬಿನ ಜಲ್ಲೆಯನ್ನು ಕುಗ್ಗಿಸಿ, ದಪ್ಪ ಮಾಡಿ, ಅಡ್ಡ ಮಲಗಿಸಿ ಮಣ್ಣಿನಲ್ಲಿ ಮುಚ್ಚಿದರೆ ಶುಂಠಿಯ ರೂಪ ಬಂದಂತೆ. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಲ್ಲಿ ಕಾಂಡ ಇನ್ನೂ ಕುಗ್ಗಿದೆ. ಬುಡದಲ್ಲಿ ಬೇರು ಅಂಟಿಕೊಂಡಿರುವ ಬಿಲ್ಲೆಯಷ್ಟೇ ಕಾಂಡ, ಮಿಕ್ಕದ್ದೆಲ್ಲ ಎಲೆಯ ತಳದ ಪದರಗಳು. ಬಳ್ಳೊಳ್ಳಿಯ ಒಂದೊಂದು ಎಸಳೂ ಆ ಬಿಲ್ಲೆಯ ಮೇಲೆ ಕುಳಿತ ಒಂದೊಂದು ಮೊಗ್ಗು.

ಗಜ್ಜರಿಯದು ಬೇರೆ ಕಥೆ. ಅದು ಅಪ್ಪಟ ಬೇರು. ತಲೆಯ ಕಡೆ ಅಂಟಿದ ಚೂರು ಕಾಂಡವಿರುವುದರಿಂದ ತಲೆ ಚಿಗುರೀತು, ಬಾಲ ಎಷ್ಟು ದಿನ ಕಾದರೂ ಚಿಗುರದು. ಗೆಣಸು ಮಾತ್ರ ಈ ಲೆಕ್ಕಕ್ಕೆ ತಲೆಬಾಗದ ಪ್ರಾಣಿ. ಬೇರಾಗಿದ್ದರೂ ಮೊಳಕೆ ಬಿಡುತ್ತದೆ. ಆದರೆ ಅದರ ಮೊಳಕೆಗಳಿಗೆ ಗಿಣ್ಣಿನ ಶಿಸ್ತಿಲ್ಲ, ಮನಬಂದಲ್ಲಿ ಏಳುತ್ತವೆ.

ರೈತರಿಗೆ ಈ ಸಸ್ಯಶಾಸ್ತ್ರ ಹೊಸದೇನಲ್ಲ. ‘ಕಣ್ಣು ನೋಡಿ ಕೊಯ್ಯಬೇಕು’ ಎಂಬ ಅವರ ಮಾತಿನಲ್ಲಿ ಎಲ್ಲವೂ ಅಡಗಿದೆ. ಐನಾಪುರದ ಬಡಗಣಕ್ಕೆ ತಾಲೂಕಿನ ಗಡಿ ದಾಟಿದರೆ ಬೀದರ ಜಿಲ್ಲೆ. ಕೆಂಪು ಜಂಬಿಟ್ಟಿಗೆಯ ಎತ್ತರದ ನೆಲ. ದಕ್ಷಿಣಕ್ಕೆ ಸೇಡಂ, ಚಿತ್ತಾಪುರಗಳ ಕಡೆ ಇಳಿದರೆ ತೊಗರಿಗೆ ಹೆಸರಾದ ಎರೆಭೂಮಿ. ಎರೆಯಲ್ಲಿ ಮಳೆನೀರು ನಿಂತುಬಿಡುತ್ತದೆ, ನಿಂತ ನೀರು ಶುಂಠಿಗೆ ಆಗದು. ಬಸಿದುಹೋಗುವ ಕೆಂಪು ನೆಲ ಅದಕ್ಕೆ ಬೇಕು. ಬೀದರ ಜಿಲ್ಲೆಯ ಹುಮನಾಬಾದಿನ ಹೆಸರು ಹೊತ್ತ ಶುಂಠಿಯ ತಳಿಯೇ ಒಂದಿದೆ. ತೊಗರಿ ಬಿತ್ತುವವನು ಎಕರೆಗೆ ನಾಲ್ಕೈದು ಕಿಲೊ ಬೀಜವನ್ನು ಚೀಲದಲ್ಲಿ ಹಾಕಿ ಹೆಗಲಿಗೇರಿಸಿಕೊಂಡು ಹೊಲಕ್ಕೆ ಹೋಗಬಲ್ಲ. ಶುಂಠಿಯವನಿಗೆ ಆ ಸುಖವಿಲ್ಲ. ಒಂದೆರಡು ಕಣ್ಣುಗಳಿರುವ 20-25 ಗ್ರಾಂ ತೂಕದ ತುಂಡುಗಳನ್ನು ಊರಬೇಕು. ಹೆಕ್ಟೇರಿಗೆ 1,500ರಿಂದ 1,800 ಕಿಲೊ, ಎಕರೆಯ ಲೆಕ್ಕದಲ್ಲಿ ಆರೇಳು ಕ್ವಿಂಟಲ್ ‘ಬೀಜ’ ಬೇಕು. ಬೆಳೆಗೆ ಹಾಕುವ ದುಡ್ಡಿನಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ. ಚಳಿಗಾಲದ ಕೊನೆಗೆ ಕಿತ್ತ ಗಡ್ಡೆಯಲ್ಲಿ ಚೆನ್ನಾಗಿ ಬಲಿತದ್ದನ್ನು ಆರಿಸಿ, ನೆರಳಿನಲ್ಲಿ ತೆಗೆದ ಕುಣಿಯೊಳಗೆ ಮರಳು ಇಲ್ಲವೆ ಕಟ್ಟಿಗೆಹೊಟ್ಟಿನ ನಡುವೆ ಪದರಪದರವಾಗಿ ಇಟ್ಟು, ಬೇಸಿಗೆಯ ಉರಿಬಿಸಿಲನ್ನು ದಾಟಿಸಬೇಕು. ಕುಣಿಯೊಳಗೆ ಇರುವುದು ಜೀವಂತ ಗಿಡ, ಉಸಿರಾಡುವ ಗಿಡ. ಗಾಳಿ ಕಟ್ಟಿದರೆ ಕೊಳೆತುಹೋಗುತ್ತದೆ. ತೊಗರಿಯ ಬೀಜಕ್ಕೆ ಇಷ್ಟೆಲ್ಲ ಉಪಚಾರ ಬೇಡ.

ಊರಿದ ತುಂಡು ಮೊಳೆತ ಮೇಲೆಯೂ ಹೆಚ್ಚೇನೂ ಸವೆಯುವುದಿಲ್ಲ ಎಂಬುದು ಕುತೂಹಲದ ಸಂಗತಿ. ಸಿಕ್ಕಿಂನ ಬೆಟ್ಟಗಳಲ್ಲಿ ರೈತರು ಮಳೆಗಾಲದ ನಡುವೆ ಗಿಡದ ಬುಡವನ್ನು ಜೋಪಾನವಾಗಿ ಕೆದಕಿ, ಊರಿದ್ದ ತಾಯಿಗಡ್ಡೆಯನ್ನು ಮುರಿದು ತೆಗೆದು ಮಾರುತ್ತಾರೆ. ಮರಿಗಳು ಅಷ್ಟು ಹೊತ್ತಿಗೆ ತಮ್ಮ ಕಾಲ ಮೇಲೆ ನಿಂತಿರುತ್ತವೆ. ಬಿತ್ತಿದ ಬೀಜವನ್ನು ಬೆಳೆ ಹೊಲದಲ್ಲಿರುವಾಗಲೇ ವಾಪಸು ಪಡೆದು ಸಂತೆಗೆ ಒಯ್ಯುವ ಭಾಗ್ಯ ಬೇರೆ ಎಷ್ಟು ಬೆಳೆಗಳಲ್ಲಿದೆ?

ಶುಂಠಿ ಹೂ ಬಿಡುವುದೇ ಅಪರೂಪ. ಬಿಟ್ಟರೂ ಬೀಜ ಕಟ್ಟುವುದಿಲ್ಲ. ಅದರ ಕಾಡು ರೂಪ ಎಲ್ಲಿಯೂ ಖಚಿತವಾಗಿ ಸಿಕ್ಕಿಲ್ಲ. ಎಂದರೆ ಈ ಗಿಡ ಸಾವಿರಾರು ವರ್ಷಗಳಿಂದ ಉಳಿದು ಬಂದಿರುವುದು ಕೈಯಿಂದ ಕೈಗೆ ದಾಟಿದ ತುಂಡುಗಳಾಗಿಯೇ. 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಅಟ್ಲಾಂಟಿಕ್ ಸಾಗರದಾಚೆ ವೆಸ್ಟ್ ಇಂಡೀಸಿಗೆ ಒಯ್ದರು. ಹಡಗಿನಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲ ಗಿಡಕ್ಕೆ ಅದೇನೂ ದೂರವಾಗಲಿಲ್ಲ. ಬ್ರೆಜಿಲಿನಿಂದ ಮತ್ತೆ ಭಾರತಕ್ಕೆ ತಂದ ತಳಿಯೊಂದು ‘ರಿಯೊ ಡಿ ಜನೈರೊ’ ಎಂಬ ಹೆಸರಿನಲ್ಲಿ ಇಲ್ಲಿ ನೆಲೆಯೂರಿತು. ಕರ್ನಾಟಕದ ಶುಂಠಿ ಬೆಳೆಗಾರರ ಬಾಯಲ್ಲಿ ಅದು ‘ರಿಗೋಡಿ’. ಏಷ್ಯಾದ ಗಿಡ ಊರು ಬಿಟ್ಟು ಹೋಗಿ ಪರದೇಶದ ಹೆಸರಿಟ್ಟುಕೊಂಡು ತವರಿಗೆ ಬಂದ ಹಾಗಾಯಿತು.

ಇದೇ ಸೀಮೆಯ ಇನ್ನೊಂದು ಗಿಡದಲ್ಲಿ ಈ ಕಥೆ ಇನ್ನೂ ಸೊಗಸಾಗಿದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಈಗ ಅದು ತಾಲೂಕು ಕೇಂದ್ರ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ನೋಂದಣಿ ದೊರೆತಿದೆ. ಕೆಂಪು ಸಿಪ್ಪೆ, ಕೆನೆಬಣ್ಣದ ತಿರುಳು. ಚಂದ್ರಬಾಳೆ ಎಂದೂ ಕನ್ನಡದಲ್ಲಿ ಇದಕ್ಕೆ ಹೆಸರುಂಟು. ಬೇರೆ ಬಾಳೆ ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಒಂದೂವರೆ ವರ್ಷದವರೆಗೂ ಕಾಯಬೇಕು. ಗೊಬ್ಬರ, ನೀರು, ಆಳು ಎಲ್ಲವೂ ಹೆಚ್ಚು ಬೇಕು. ಆದ್ದರಿಂದಲೇ ಹಣ್ಣು ದುಬಾರಿ, ಬೆಳೆಯುವವರೂ ಕಡಿಮೆ.

ಬಾಳೆಯ ‘ಮರ’ ಮರವಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದು ಕಾಂಡವೂ ಅಲ್ಲ ಎಂದರೆ ಹಲವರಿಗೆ ಬೆರಗಾಗಬಹುದು. ಮದುವೆಯ ಚಪ್ಪರಕ್ಕೆ ಕಟ್ಟುವ ಬಾಳೆಕಂಬವನ್ನು ಅಡ್ಡ ಕೊಯ್ದು ನೋಡಿದರೆ ಒಂದರೊಳಗೊಂದು ಸುತ್ತಿಕೊಂಡ ಎಲೆಯ ತಳಗಳಷ್ಟೇ ಕಾಣುತ್ತವೆ. ನಿಜವಾದ ಕಾಂಡ ನೆಲದೊಳಗಿದೆ. ತೋಟಗಾರರು ಗಡ್ಡೆ ಎಂದು ಕರೆಯುವ ಆ ದಪ್ಪ ಮುದ್ದೆಯೇ ಕಾಂಡ. ಗೊನೆ ಬರುವ ಕಾಲಕ್ಕೆ ಮಾತ್ರ ಅದರ ತುದಿ ಎಲೆಸುತ್ತಿನ ನಡುವಿನ ಕೊಳವೆಯಲ್ಲಿ ಮೇಲೇರಿ ಹೊರಗೆ ಬಾಗುತ್ತದೆ. ಬಾಳೆದಿಂಡಿನ ಪಲ್ಯಕ್ಕೆ ಸಿಗುವುದು ಹಾಗೆ ಮೇಲೇರಿದ ಕಾಂಡವೇ. ಒಂದು ಗೊನೆ ಕೊಟ್ಟ ಮೇಲೆ ಆ ಕಂಬದ ಆಯುಸ್ಸು ಮುಗಿಯಿತು. ಗಡ್ಡೆಯ ಪಕ್ಕದ ಮೊಗ್ಗುಗಳು ಮಾತ್ರ ಅಷ್ಟರಲ್ಲಿ ಮಣ್ಣು ಸೀಳಿ ಎದ್ದು ನಿಂತಿರುತ್ತವೆ.

ಇವಕ್ಕೆ ಕನ್ನಡದಲ್ಲಿ ಕಂದು ಎನ್ನುತ್ತಾರೆ. ಮಾತು ಬಲು ಹಳೆಯದು. ತಮಿಳಿನಲ್ಲಿ ಕನ್ರು ಎಂದರೆ ಕರು, ಬಾಳೆಯ ಮರಿಗೂ ಅದೇ ಹೆಸರು. ನಮ್ಮ ಕರು, ಕಂದು, ಮನೆಯ ಮಗುವನ್ನು ಕರೆಯುವ ಕಂದ ಎಲ್ಲವೂ ಒಂದೇ ಬಳಗದ ಶಬ್ದಗಳು. ಹಟ್ಟಿಯಲ್ಲಿ, ತೊಟ್ಟಿಲಲ್ಲಿ, ತೋಟದಲ್ಲಿ ಒಂದೇ ಮಾತು ಸಲ್ಲುತ್ತಿದ್ದುದರಲ್ಲಿ ಸೋಜಿಗವಿಲ್ಲ. ಕಂದಿನಲ್ಲೂ ಎರಡು ಜಾತಿ. ಎಲೆ ಕತ್ತಿಯ ಅಲಗಿನಂತೆ ಸಪೂರವಾಗಿರುವುದು ಕತ್ತಿಕಂದು. ಎಳೆತನದಲ್ಲೇ ಅಗಲವಾದ ಎಲೆ ಬಿಟ್ಟು ಬೀಗುವುದು ನೀರುಕಂದು. ನೋಡಲು ನೀರುಕಂದೇ ಚೆಂದ. ಅನುಭವಿಯಾದ ರೈತ ಅದನ್ನು ಮುಟ್ಟುವುದಿಲ್ಲ. ಕತ್ತಿಕಂದು ತಾಯಿಗಡ್ಡೆಗೆ ಬಲವಾಗಿ ಅಂಟಿಕೊಂಡು ಅದರ ಆಹಾರವನ್ನೇ ಉಣ್ಣುತ್ತಿರುತ್ತದೆ. ತಾನೇ ದುಡಿಯುವ ಅವಸರ ಅದಕ್ಕಿಲ್ಲದ್ದರಿಂದ ಎಲೆ ಸಣ್ಣ, ಬುಡ ದಪ್ಪ. ನೀರುಕಂದಿನ ನಂಟು ಸಡಿಲ. ಆದ್ದರಿಂದ ಬೇಗ ಎಲೆ ಬಿಚ್ಚಿ ತಾನೇ ಗಳಿಸಬೇಕು, ಬುಡ ಬಡಕಲಾಗುತ್ತದೆ. ಶಹಾಬಾದಿನ ಬಳಿಯ ಮರ್ತೂರಿನವನೆಂದು ಹೇಳಲಾಗುವ ವಿಜ್ಞಾನೇಶ್ವರ, ಕಲ್ಯಾಣದ ಚಾಳುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಬರೆದ ‘ಮಿತಾಕ್ಷರ’ದಲ್ಲಿ ಪಿತ್ರಾರ್ಜಿತದ ಮೇಲೆ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಪ್ರತಿಪಾದಿಸಿದ. ತಂದೆ ಸಾಯುವವರೆಗೆ ಕಾಯಬೇಕಿಲ್ಲ. ಬಾಳೆಯ ಬುಡದಲ್ಲಿ ಕತ್ತಿಕಂದು ನಡೆಸಿಕೊಂಡು ಬಂದಿರುವುದೂ ಇದೇ ನ್ಯಾಯವನ್ನು. ವ್ಯತ್ಯಾಸವೆಂದರೆ ಇಲ್ಲಿ ತಾಯಿ ಮಗು ಇಬ್ಬರೂ ಒಬ್ಬರೇ.

ಬಾಳೆ ಹೀಗೇಕಾಯಿತು? ಪಶ್ಚಿಮ ಘಟ್ಟದ ಬಂಡೆಗಳ ಸಂದಿಯಲ್ಲಿ ಬೆಳೆಯುವ ಕಲ್ಲುಬಾಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬಾಳೆಯ ಹತ್ತಿರದ ಸಂಬಂಧಿಯಾದ ಅದು ಕಂದು ಹಾಕುವುದೇ ಇಲ್ಲ. ಒಂದೇ ಕಂಬ, ಒಂದೇ ಗೊನೆ, ಹಣ್ಣಿನ ತುಂಬ ಕಲ್ಲಿನಂಥ ಬೀಜ. ಬೀಜ ಚೆಲ್ಲಿ ಸಾಯುತ್ತದೆ. ತೋಟದ ಬಾಳೆಯದು ಸರಿಯಾಗಿ ತಿರುಗುಮುರುಗು: ಬೀಜವಿಲ್ಲ, ಕಂದೇ ಎಲ್ಲ. ಬೀಜವಿಲ್ಲದಿರುವುದಕ್ಕೆ ಕಾರಣ ಲೆಕ್ಕದ್ದು. ಕಾಡಿನ ಮೂಲಬಾಳೆಗಳ ಕೋಶದಲ್ಲಿ 11 ವರ್ಣತಂತುಗಳ ಎರಡು ಕಟ್ಟುಗಳಿವೆ. ಕೆಂಪು ಬಾಳೆಯೂ ಸೇರಿ ನಾವು ತಿನ್ನುವ ಹೆಚ್ಚಿನ ಬಾಳೆಗಳಲ್ಲಿ ಮೂರು ಕಟ್ಟುಗಳು. ಪರಾಗವೂ ಅಂಡವೂ ಆಗುವಾಗ ಇವು ಸಮವಾಗಿ ಎರಡು ಪಾಲಾಗಬೇಕು. ಮೂರನ್ನು ಎರಡು ಪಾಲು ಮಾಡುವುದು ಹೇಗೆ? ಅಲ್ಲಿಗೆ ಬೀಜದ ದಾರಿ ಮುಚ್ಚಿತು. ಅರಿಶಿನದ ಸಂಕಟವೂ ಬಹುಮಟ್ಟಿಗೆ ಇದೇ. ಬೀಜವಿಲ್ಲದ ಹಣ್ಣು ತಿನ್ನಲು ಹಿತವೆಂದು ಮನುಷ್ಯ ಆ ಗಿಡದ ಕಂದನ್ನೇ ಕಿತ್ತು ಕಿತ್ತು ನೆಟ್ಟ. ನ್ಯೂಗಿನಿ ದ್ವೀಪದ ಎತ್ತರದ ಕಣಿವೆಯೊಂದರಲ್ಲಿ ಸುಮಾರು 7,000 ವರ್ಷಗಳ ಹಿಂದೆಯೇ ಬಾಳೆ ಬೆಳೆಸುತ್ತಿದ್ದ ಕುರುಹುಗಳು ಸಿಕ್ಕಿವೆ.

ಮನುಷ್ಯನ ಹಂಗಿಲ್ಲದೆಯೂ ಈ ವಿದ್ಯೆಯಿಂದ ಲೋಕ ಗೆದ್ದ ಗಿಡಗಳಿವೆ. ಗಣಪತಿಗೆ ಏರಿಸುವ ಗರಿಕೆ ಅವುಗಳಲ್ಲಿ ಮೊದಲನೆಯದು. ಉತ್ತರ ಕರ್ನಾಟಕದವರು ಅದಕ್ಕೆ ಕರಿಕೆ ಎನ್ನುತ್ತಾರೆ. ಪೂಜೆಯ ದಿನ ಬಿಟ್ಟು ಉಳಿದ ದಿನ ಬೈಯುತ್ತಲೇ ಎನ್ನುತ್ತಾರೆ. ನೆಲದ ಮೇಲೆ ಓಡುವ ಕಾಂಡ, ಕೆಳಗೆ ನುಸುಳುವ ಕಾಂಡ ಎರಡೂ ಅದಕ್ಕುಂಟು. ಗಿಣ್ಣು ಮಣ್ಣಿಗೆ ತಾಗಿದಲ್ಲಿ ಬೇರು ಇಳಿಯುತ್ತದೆ. ನೇಗಿಲು ಹೊಡೆದು ಅದನ್ನು ತುಂಡರಿಸಿದರೆ ಒಂದಿದ್ದದ್ದು ಹತ್ತಾಗುತ್ತದೆ. ರೈತ ತನ್ನ ಎತ್ತು ಹೂಡಿ ಕರಿಕೆಯನ್ನು ನಾಟಿ ಮಾಡಿಕೊಟ್ಟ ಹಾಗೆ. ಅದಕ್ಕೇ ಎರೆಹೊಲದಲ್ಲಿ ಬೇಸಿಗೆಯಲ್ಲಿ ಆಳವಾಗಿ ಅಗೆದು, ಹೆಂಟೆ ಮಗುಚಿ, ಕಾಂಡಗಳನ್ನು ಬಿಸಿಲಿಗೆ ಒಣಗಿಸಿ ಆರಿಸಿ ತೆಗೆಯುವ ಕಷ್ಟ. ಜೇಕು ಇನ್ನೂ ಮೊಂಡು. ಮೇಲಿನ ಹುಲ್ಲು ಕೈಗೆ ಬರುತ್ತದೆ, ಕೆಳಗೆ ದಾರದಂಥ ಕಾಂಡಕ್ಕೆ ಪೋಣಿಸಿದ ಗಡ್ಡೆಗಳ ಸರ ಮಣ್ಣಿನಲ್ಲೇ ಉಳಿಯುತ್ತದೆ. ಒಂದೆಲಗದ ಹಂಬು, ಪುದೀನದ ಕುಡಿ, ಸೇವಂತಿಗೆಯ ಬುಡದ ಮರಿ ಎಲ್ಲವೂ ಇದೇ ಪಂಗಡದವು. ಅವು ಸಾಧು ಸ್ವಭಾವದವು ಎಂಬುದಷ್ಟೇ ಭೇದ.

ಒಂದೇ ಒಡಲು ಸಾವಿರ ತುಂಡಾಗಿ ಹಬ್ಬುವುದರಲ್ಲಿ ಎಷ್ಟು ಬಲವಿದೆಯೋ ಅಷ್ಟೇ ಅಪಾಯವಿದೆ. ಈ ಮಾತಿಗೆ ಭಾರತದಲ್ಲೇ ಹಳೆಯ ಸಾಕ್ಷಿಯೊಂದುಂಟು. ಪಾಪಾಸುಕಳ್ಳಿ, ಬಡಗಣ ಕನ್ನಡದ ಡಬ್ಬಗಳ್ಳಿ, ಮೂಲತಃ ಅಮೆರಿಕದ ಗಿಡ. ಪಾಪಾಸು ಎಂದರೆ ಪಾದರಕ್ಷೆ. ಮೆಟ್ಟಿನ ಅಟ್ಟೆಯಂತೆ ಚಪ್ಪಟೆಯಾದ ಅದರ ಹಸಿರು ಬಿಲ್ಲೆಗಳು ಎಲೆಗಳಂತೆ ಕಂಡರೂ ಎಲೆಗಳಲ್ಲ, ಕಾಂಡಗಳು. ಒಂದು ಬಿಲ್ಲೆ ಮುರಿದು ಬಿದ್ದಲ್ಲಿ ಒಂದು ಹೊಸ ಮೆಳೆ. ಬೇಲಿಗೆಂದು ನೆಟ್ಟದ್ದು ಬಯಲುಗಳನ್ನೇ ಕಬಳಿಸಿತು. 1795ರಲ್ಲಿ ಕ್ಯಾಪ್ಟನ್ ನೀಲ್ಸನ್ ಎಂಬ ಸೇನಾಧಿಕಾರಿ ರಿಯೊ ಡಿ ಜನೈರೊದಿಂದ ಕಲ್ಕತ್ತಕ್ಕೆ ಕೆಲವು ಕಾಕಿನೀಲ್ ಹುಳುಗಳನ್ನು ತಂದ. ಕಳ್ಳಿಯ ಮೇಲೆ ಬದುಕುವ ಈ ಹುಳುಗಳಿಂದ ಬೆಲೆಬಾಳುವ ಕೆಂಪು ಬಣ್ಣ ತೆಗೆದು ಲಾಭ ಮಾಡಿಕೊಳ್ಳಬೇಕೆಂಬುದು ಈಸ್ಟ್ ಇಂಡಿಯಾ ಕಂಪನಿಯ ಆಸೆ. ಬಂದದ್ದು ಬೇರೆ ಜಾತಿಯ ಹುಳು, ಅದರ ಬಣ್ಣ ಕಳಪೆ. ಕಂಪನಿಗೆ ನಷ್ಟವಾಯಿತು. ಹುಳುವಿಗೆ ಮಾತ್ರ ಹಬ್ಬ. ಆ ಜಾತಿಯ ಕಳ್ಳಿಯನ್ನು ಉತ್ತರ ಭಾರತದ ವಿಶಾಲ ಪ್ರದೇಶದಲ್ಲಿ ಅದು ತಿಂದು ಮುಗಿಸಿತು. ಇದನ್ನು ಕಂಡು 1836-38ರ ಸುಮಾರಿಗೆ ದಕ್ಷಿಣಕ್ಕೂ ಬೇಕೆಂದೇ ತಂದು ಬಿಟ್ಟರು. ಕಳೆಯನ್ನು ಹುಳುವಿನಿಂದ ಹತೋಟಿಗೆ ತಂದ ಲೋಕದ ಮೊದಲ ಪ್ರಸಂಗಗಳಲ್ಲಿ ಇದನ್ನು ಎಣಿಸುತ್ತಾರೆ. ಅದಕ್ಕೆ ಬಗ್ಗದ ಇನ್ನೊಂದು ಜಾತಿಯ ಕಳ್ಳಿ ದಕ್ಷಿಣದಲ್ಲಿ ಉಳಿದುಕೊಂಡಿತ್ತು. 1926ರಲ್ಲಿ ಸಿಂಹಳದಿಂದ ಬೇರೊಂದು ಜಾತಿಯ ಹುಳುವನ್ನು ತಂದ ಮೇಲೆ ಕೆಲವೇ ವರ್ಷಗಳಲ್ಲಿ ಅದೂ ಅಡಗಿತು. ಆಸ್ಟ್ರೇಲಿಯದ ಬೂನಾರ್ಗ ಎಂಬ ಹಳ್ಳಿಯಲ್ಲಿ ಕಳ್ಳಿ ತಿಂದು ಹೊಲ ಉಳಿಸಿಕೊಟ್ಟ ಪತಂಗದ ಹೆಸರಿನಲ್ಲಿ ರೈತರು 1936ರಲ್ಲಿ ಒಂದು ಸಭಾಭವನವನ್ನೇ ಕಟ್ಟಿದರು.

ಕಳ್ಳಿ ಸತ್ತರೆ ಯಾರೂ ಅಳುವುದಿಲ್ಲ. ಅದೇ ಆಟ ಬೆಳೆಯಲ್ಲಿ ನಡೆದರೆ ಊರು ಅಳುತ್ತದೆ. ಆಲೂಗಡ್ಡೆ ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಅಡುಗೆಮನೆ ಸೇರಿದ ಬಗೆಯನ್ನು ಬಿ.ಜಿ.ಎಲ್. ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ದಲ್ಲಿ ರಸವತ್ತಾಗಿ ಹೇಳಿದ್ದಾರೆ. ಅದೇ ಗಡ್ಡೆ ಯುರೋಪಿಗೂ ಹೋಯಿತು. ಐರ್ಲೆಂಡಿನ ಬಡವರು ಬಹುಪಾಲು ‘ಲಂಪರ್’ ಎಂಬ ಒಂದೇ ತಳಿಯನ್ನು ನೆಚ್ಚಿಕೊಂಡರು. ಒಂದು ಗಡ್ಡೆಗೆ ತಡೆಯಲಾಗದ ರೋಗವನ್ನು ಅದರ ನಕಲಾದ ಇನ್ನೊಂದು ಗಡ್ಡೆ ತಡೆಯುವುದಾದರೂ ಹೇಗೆ? 1845ರಲ್ಲಿ ಅಂಗಮಾರಿ ರೋಗ ಬಂದಾಗ ಹೊಲಗಳು ಸಾಲಾಗಿ ಕೊಳೆತವು. ಬರದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟು ಜನ ಹಡಗು ಹತ್ತಿದರು. ನಮ್ಮ ಹಾಸನದ ಆಲೂಗಡ್ಡೆ ಬೆಳೆಗಾರರನ್ನು ಕಂಗೆಡಿಸಿದ್ದೂ ಇದೇ ಅಂಗಮಾರಿ. ಬಿತ್ತನೆಯ ಗಡ್ಡೆಯನ್ನು ಅವರು ದೂರದ ಪಂಜಾಬಿನ ಜಲಂಧರದಿಂದ ತರಿಸುತ್ತಾರೆ. ಬಯಲಿನ ಬಿಸಿಯಲ್ಲಿ ಸಸ್ಯಹೇನುಗಳು ಹರಡುವ ನಂಜುರೋಗಗಳು ಗಡ್ಡೆಯೊಳಗೆ ಸೇರಿ, ವರ್ಷದಿಂದ ವರ್ಷಕ್ಕೆ ಊರಿನ ಬೀಜ ಸತ್ವಗೆಡುವುದೇ ಇದಕ್ಕೆ ಕಾರಣ.

ಬೀಜಕ್ಕೂ ಬೀಜವಲ್ಲದ ಈ ಬೀಜಕ್ಕೂ ಇರುವ ದೊಡ್ಡ ಅಂತರ ಇಲ್ಲಿದೆ. ತೊಗರಿಯ ಕಾಳು ಒಂದರ್ಥದಲ್ಲಿ ಹೊಸ ಜೀವ. ತಾಯಿಗಿಡದ ಎಷ್ಟೋ ಕಾಯಿಲೆಗಳು ಕಾಳಿನವರೆಗೆ ಬರುವುದಿಲ್ಲ. ಶುಂಠಿಯ ತುಂಡಿನೊಂದಿಗೆ ತಾಯಿಯ ಒಡಲೇ ಬರುತ್ತದೆ, ಒಡಲಿನ ರೋಗವೂ ಬರುತ್ತದೆ. ಗಡ್ಡೆ ಕೊಳೆ ತರುವ ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿ, ಹಸಿರಿರುವಾಗಲೇ ಗಿಡ ಬಾಡಿಸುವ ಬ್ಯಾಕ್ಟೀರಿಯ ಎರಡೂ ಬಿತ್ತನೆಯ ಗಡ್ಡೆಯಲ್ಲಿ ಅಡಗಿ ಪಯಣಿಸುತ್ತವೆ. ಹೊರಗೆ ನೋಡಿದರೆ ತುಂಡು ದುಂಡಗಿರುತ್ತದೆ, ಕಣ್ಣು ಚುರುಕಾಗಿರುತ್ತದೆ. ಮಳೆ ಜೋರಾಗಿ ಬದುವಿನಲ್ಲಿ ನೀರು ಹರಿದ ಮೇಲೆ ಒಂದು ಮೂಲೆಯ ಎಲೆ ಹಳದಿಯಾಗುತ್ತದೆ. ನೀರು ಹರಿದ ದಾರಿಯಲ್ಲೇ ರೋಗವೂ ಹರಿಯುತ್ತದೆ. ಸಾಲ ಮಾಡಿ ಆರೇಳು ಕ್ವಿಂಟಲ್ ಬೀಜ ಕೊಂಡವನು ತಾನು ದುಡ್ಡು ಕೊಟ್ಟು ಏನೇನು ತಂದಿದ್ದೆನೆಂದು ತಿಳಿಯುವುದು ಆಗಲೇ. ಆರೋಗ್ಯವಾದ ಹೊಲವನ್ನು ಬೆಳೆ ನಿಂತಿರುವಾಗಲೇ ಕಣ್ಣಾರೆ ಕಂಡು ಅದರ ಗಡ್ಡೆಯನ್ನೇ ಬೀಜಕ್ಕೆ ಹೇಳಿಡುವುದು, ಊರುವ ಮುಂಚೆ ಔಷಧದ ನೀರಿನಲ್ಲಿ ಅದ್ದುವುದು, ಅದೇ ಹೊಲದಲ್ಲಿ ಮರುವರ್ಷ ಮತ್ತೆ ಶುಂಠಿ ಹಾಕದಿರುವುದು, ಇಷ್ಟೇ ರೈತನ ಕೈಯಲ್ಲಿರುವ ಉಪಾಯ. ಪೇಟೆಯ ದರ ಏರಿದ ವರ್ಷ ಮೊದಲು ಮರೆತುಹೋಗುವುದೂ ಇವೇ.

ಬಾಳೆಯಲ್ಲಿ ಇದರ ಪರಿಣಾಮ ಇನ್ನೂ ದೊಡ್ಡದಾಗಿ ಕಂಡಿದೆ. ಗ್ರೋ ಮಿಶೆಲ್ ಎಂಬ ಒಂದೇ ತಳಿ ಅಮೆರಿಕ, ಯುರೋಪುಗಳ ಮಾರುಕಟ್ಟೆಯನ್ನು ತುಂಬಿದ್ದ ಕಾಲವಿತ್ತು. ಪನಾಮಾ ರೋಗವೆಂಬ ಸೊರಗುರೋಗ ಅದರ ತೋಟಗಳನ್ನು ನುಂಗಿ, 1960ರ ದಶಕದ ಹೊತ್ತಿಗೆ ವ್ಯಾಪಾರದಿಂದಲೇ ಅದನ್ನು ಅಳಿಸಿಹಾಕಿತು. ಜಾಗಕ್ಕೆ ಬಂದ ಕ್ಯಾವೆಂಡಿಶ್ ಬಳಗಕ್ಕೆ ಈಗ ಅದೇ ರೋಗದ ಹೊಸ ಬಗೆ ಗಂಟುಬಿದ್ದಿದೆ. ಕಳೆದ ದಶಕದಲ್ಲಿ ಅದು ಬಿಹಾರ, ಉತ್ತರ ಪ್ರದೇಶಗಳ ತೋಟಗಳಲ್ಲೂ ಕಾಣಿಸಿಕೊಂಡಿತು. ನಂಜನಗೂಡಿನ ರಸಬಾಳೆಯ ತೋಟಗಳು ಬರಿದಾದದ್ದರ ಹಿಂದೆಯೂ ಇದೇ ಪನಾಮಾ ರೋಗವಿದೆ. ಅದರ ಶಿಲೀಂಧ್ರ ಮಣ್ಣಿನಲ್ಲಿ ದಶಕಗಟ್ಟಲೆ ಬದುಕಬಲ್ಲದು. ನೆರೆಯವರ ತೋಟದ ಕಂದನ್ನು ಪ್ರೀತಿಯಿಂದ ತಂದು ನೆಟ್ಟಾಗ ಅದರ ಬುಡದ ಮಣ್ಣಿನ ಜೊತೆ ರೋಗವೂ ಬಂತು. ಕಂದು ಕೊಡುವ ಕೊಳ್ಳುವ ಹಳೆಯ ಸ್ನೇಹಾಚಾರವೇ ರೋಗಕ್ಕೆ ದಾರಿಯಾಯಿತು.

ಪ್ರಯೋಗಶಾಲೆ ಕಂಡುಕೊಂಡ ಪರಿಹಾರವೂ ಕಾಂಡದಲ್ಲೇ ಇತ್ತು. ಮೊಗ್ಗಿನ ತುತ್ತತುದಿಯಲ್ಲಿ ಸದಾ ಹೊಸ ಕೋಶಗಳು ಹುಟ್ಟುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗುಮ್ಮಟವೊಂದಿದೆ. ಗಿಡಕ್ಕೆ ನಂಜುರೋಗ ತಗುಲಿದ್ದರೂ ಅಲ್ಲಿಗೆ ಅದು ತಲುಪಿರುವುದು ಕಡಿಮೆ. 1952ರಲ್ಲಿ ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಎಂಬಿಬ್ಬರು ಡೇಲಿಯ ಗಿಡದ ಈ ತುದಿಯನ್ನಷ್ಟೇ ಕೊಯ್ದು ಗಾಜಿನೊಳಗೆ ಬೆಳೆಸಿ, ರೋಗದ ಗಿಡದಿಂದ ರೋಗವಿಲ್ಲದ ಗಿಡವನ್ನು ಪಡೆದರು. ಇಂದು ಅಂಗಾಂಶ ಕೃಷಿಯ ಬಾಳೆಸಸಿ ಎಂದು ಪುಟ್ಟ ಚೀಲಗಳಲ್ಲಿ ಮಾರುವುದು ಇದೇ ವಿದ್ಯೆಯ ಫಲ. ಕೆಲಸವೇನೋ ಹಳೆಯದೇ, ಕಂದು ಕೀಳುವ ಗುದ್ದಲಿಯ ಜಾಗದಲ್ಲಿ ಶಸ್ತ್ರಚಿಕಿತ್ಸೆಯ ಅಲಗು ಬಂದಿದೆ. ಸಸಿ ಶುದ್ಧವಾಗಿ ಬಂದರೂ ಊರುವ ಮಣ್ಣು ಶುದ್ಧವಾಗಿರಬೇಕೆಂಬ ಷರತ್ತು ಮಾತ್ರ ಹಾಗೆಯೇ ಉಳಿದಿದೆ.

ಎಲ್ಲ ನಕಲುಗಳೂ ಒಂದೇ ಎಂದು ಹೇಳಿದ್ದಕ್ಕೆ ಸಣ್ಣದೊಂದು ತಿದ್ದುಪಡಿ ಬೇಕು. ಸಾವಿರಾರು ಸಲ ನಕಲೆತ್ತಿದ ಓಲೆಯಲ್ಲಿ ಒಂದೆರಡು ಅಕ್ಷರ ತಪ್ಪುವ ಹಾಗೆ, ಬೆಳೆಯುವ ತುದಿಯ ಯಾವುದೋ ಒಂದು ಕೋಶದಲ್ಲಿ ಆಗೊಮ್ಮೆ ಈಗೊಮ್ಮೆ ಬದಲಾವಣೆ ಆಗುತ್ತದೆ. ಆ ಕೋಶದಿಂದ ಎದ್ದ ಕುಡಿಯ ಬಣ್ಣವೋ ಆಕಾರವೋ ಬೇರೆಯಾಗುತ್ತದೆ. ಬೀಜವಿಲ್ಲದ ಗಿಡಗಳಲ್ಲಿ ಹೊಸ ತಳಿಗಳು ಹುಟ್ಟಿರುವುದು ಬಹಳ ಮಟ್ಟಿಗೆ ಹೀಗೆಯೇ. ಕೆಂಪು ಬಾಳೆ ಈ ಚಪಲಕ್ಕೆ ಲೋಕದೆಲ್ಲೆಡೆ ಹೆಸರಾದದ್ದು. ಕೆಂಪು ಗಿಡದ ಬುಡದಿಂದಲೇ ಕೆಲವೊಮ್ಮೆ ಹಸಿರು ಕಂದು ಏಳುತ್ತದೆ. ಅದರ ಗೊನೆಯೂ ಹಸಿರೇ. ಹಣ್ಣಾದಾಗ ಹಳದಿ ತಿರುಗುತ್ತದೆ. ಒಳಗಿನ ತಿರುಳು ಮಾತ್ರ ಅದೇ ಕೆನೆಬಣ್ಣದ್ದು, ರುಚಿಯೂ ಅದೇ. ಆದರೆ ಅದನ್ನು ಕೆಂಪು ಬಾಳೆಯೆಂದು ಯಾರೂ ಕೊಳ್ಳುವುದಿಲ್ಲ. ಕೆಂಪು ಗಿಡದಲ್ಲಿ ಕಂಬಕ್ಕೂ ಎಲೆಯ ನಡುದಿಂಡಿಗೂ ಕೆಂಪಿನ ಛಾಯೆ ಇರುವುದರಿಂದ ಗೊನೆ ಬರುವವರೆಗೆ ಕಾಯದೆಯೇ ಭೇದ ತಿಳಿಯುತ್ತದೆ. ಆದ್ದರಿಂದ ಕೆಂಪು ಬಾಳೆಯ ತೋಟದವನು ಕಂದು ಆರಿಸುವಾಗ ಮೊದಲು ಎಲೆ ಕತ್ತಿಯಂತಿದೆಯೇ ಎಂದು ನೋಡುತ್ತಾನೆ, ಆಮೇಲೆ ಬಗ್ಗಿ, ಬುಡದ ಮಣ್ಣು ಒರೆಸಿ, ಬಣ್ಣ ನೋಡುತ್ತಾನೆ.